ಅದಿರು, ಕಲ್ಲಿದ್ದಲು, ನೀರು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ದುಡಿಯುವವರ ಆರೋಗ್ಯ ಮತ್ತು ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾರಿಗಾಗಿ?

ಸಂಡೂರು, ತೋರಣಗಲ್ಲು, ಬಳ್ಳಾರಿಯ ಸುತ್ತ ಕಬ್ಬಿಣದ ಅದಿರನ್ನೂ ಉಕ್ಕನ್ನೂ ಪರೀಕ್ಷಿಸುವವರು, ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳ ಲ್ಯಾಬ್‌ನಲ್ಲಿರುವವರು, ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮಾದರಿ ನೋಡುವವರು, ಹಟ್ಟಿಯ ಕಡೆ ಚಿನ್ನದ ಅದಿರನ್ನು ಕುಲುಮೆಗಿಡುವವರು, ರಾಯಚೂರಿನಲ್ಲಿ ಧಾನ್ಯ, ಹತ್ತಿ, ಕುಡಿಯುವ ನೀರಿನ ಪರೀಕ್ಷೆ ಮಾಡುವವರು, ಹೀಗೆ ರಾಸಾಯನಿಕ ವಿಶ್ಲೇಷಣೆಯನ್ನೇ ಹೊಟ್ಟೆಪಾಡಾಗಿಸಿಕೊಂಡ ಎಲ್ಲರಿಗಾಗಿ ಇದನ್ನು ಬರೆಯಲಾಗಿದೆ. ಕೆಮಿಸ್ಟ್ ಎಂಬ ಹುದ್ದೆಯ ಹೆಸರಿರುವವರಷ್ಟೇ ಇದನ್ನು ಓದಿದರೆ ಸಾಲದು. ಮಾದರಿ ಪುಡಿ ಮಾಡುವವರಿಗೂ ಗಾಜಿನ ಪಾತ್ರೆ ತೊಳೆಯುವವರಿಗೂ ಇದನ್ನು ಓದಿ ಹೇಳಬೇಕೆಂದು ಕೋರುತ್ತೇನೆ.

ಪ್ರಯೋಗಾಲಯದಲ್ಲಿ ಹೆಚ್ಚು ಅಪಾಯ ಇರುವುದು ಯಾರಿಗೆ?

ಆಮ್ಲದ ಬಾಟಲಿ ಹಿಡಿದು ನಿಂತ ಕೆಮಿಸ್ಟ್‌ಗೆ ಎಂದು ಬಹುತೇಕರು ಉತ್ತರಿಸುತ್ತಾರೆ. ನಾನು ಅದಿರು ಲ್ಯಾಬ್‌ನಲ್ಲಿ ಕಂಡದ್ದು ಬೇರೆ. ಕೆಮಿಸ್ಟ್‌ಗೆ ತಾನು ಏನನ್ನು ಮುಟ್ಟುತ್ತಿದ್ದೇನೆ ಎಂಬುದು ಗೊತ್ತಿರುತ್ತದೆ, ಬಾಟಲಿಯ ಮೇಲಿನ ಚೀಟಿಯನ್ನು ಓದಲು ಬರುತ್ತದೆ, ಹೊಗೆಯನ್ನು ಹೀರಿ ಹೊರಹಾಕುವ ಗೂಡಾದ ಫ್ಯೂಮ್ ಹುಡ್ ಮುಂದೆ ನಿಲ್ಲುವ ಅವಕಾಶವೂ ಇರುತ್ತದೆ. ಆದರೆ ಹಿಂದಿನ ಶೆಡ್‌ನಲ್ಲಿ ದಿನವಿಡೀ ಕಲ್ಲು ಒಡೆಯುವ ಕ್ರಷರ್ ಮತ್ತು ಅದನ್ನು ನುಣ್ಣಗೆ ಅರೆಯುವ ಪಲ್ವರೈಸರ್ ನಡೆಸುವ ಗುತ್ತಿಗೆ ಕೆಲಸಗಾರನಿಗೂ, ಸಂಜೆ ಸಿಂಕ್‌ನಲ್ಲಿ ರಾಶಿ ಬಿದ್ದ ಬೀಕರ್‌ಗಳನ್ನು ತೊಳೆಯುವ ಹೆಣ್ಣುಮಗಳಿಗೂ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಆದ್ದರಿಂದ ಯಾವುದೇ ಲ್ಯಾಬ್‌ನ ಸುರಕ್ಷತೆಯನ್ನು ಅಳೆಯಬೇಕಾದರೆ ನಾನು ಮೊದಲು ನೋಡುವುದು ಮಾದರಿ ತಯಾರಿಸುವ ಕೋಣೆಯನ್ನು, ಆಮೇಲೆ ತೊಳೆಯುವ ಸಿಂಕನ್ನು. ಹವಾನಿಯಂತ್ರಿತ ಉಪಕರಣಗಳ ಕೋಣೆಯನ್ನು ಕೊನೆಗೆ ನೋಡಿದರೂ ನಡೆಯುತ್ತದೆ.

ಅದಿರಿನ ಧೂಳು ಬರೀ ಕೆಂಪು ಮಣ್ಣಲ್ಲವೇ? ಅದರಿಂದೇನು ತೊಂದರೆ?

ಬಟ್ಟೆಯ ಮೇಲೆ ಕೂರುವ ಕೆಂಪು ಧೂಳು ತೊಳೆದರೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳದ್ದೇ ತೊಂದರೆ. ಸಂಡೂರು ಭಾಗದ ಬೆಟ್ಟಗಳಲ್ಲಿ ಹೆಮಟೈಟ್ ಜೊತೆಗೆ ಕ್ವಾರ್ಟ್ಜ್ ಪದರಗಳು ಹೆಣೆದುಕೊಂಡಿರುವ ಕಲ್ಲು ಹೇರಳವಾಗಿದ್ದು, ಗಣಿಯವರು ಅದನ್ನು ಬಿಎಚ್‌ಕ್ಯೂ ಎನ್ನುತ್ತಾರೆ. ಅದನ್ನು ಪುಡಿ ಮಾಡಿದಾಗ ಹರಳು ರೂಪದ ಸಿಲಿಕಾ ಗಾಳಿಗೆ ಸೇರುತ್ತದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ತುದಿಯವರೆಗೆ ಇಳಿದು ಅಲ್ಲಿಯೇ ಉಳಿದು ಗಾಯದ ಕಲೆ ಕಟ್ಟುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಎರಡರಲ್ಲೂ ಕೆಮ್ಮು, ಏದುಸಿರು, ತೂಕ ಇಳಿಯುವುದು ಕಾಣಿಸಿಕೊಳ್ಳುವುದರಿಂದ ಟಿಬಿ ಎಂದಷ್ಟೇ ತಿಳಿದು ಚಿಕಿತ್ಸೆ ನಡೆಯುವುದೂ ಉಂಟು. ವೈದ್ಯರ ಬಳಿ ಹೋದಾಗ ಊರು, ವಯಸ್ಸು ಹೇಳಿದಷ್ಟೇ ಮುಖ್ಯವಾಗಿ, ಎಷ್ಟು ವರ್ಷದಿಂದ ಕಲ್ಲು ಪುಡಿ ಮಾಡುತ್ತಿದ್ದೀರಿ ಎಂಬುದನ್ನೂ ಹೇಳಬೇಕು.

ಅದಿರು ಮ್ಯಾಂಗನೀಸಿನದಾಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಮ್ಯಾಂಗನೀಸಿನ ಧೂಳನ್ನು ದೀರ್ಘಕಾಲ ಉಸಿರಾಡಿದರೆ ನರಮಂಡಲಕ್ಕೆ ಪೆಟ್ಟು ಬಿದ್ದು, ಕೈ ನಡುಗುವುದು, ನಡಿಗೆ ಬಿಗಿಯಾಗುವುದು ಮುಂತಾದ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಲಕ್ಷಣಗಳು ಕಾಣಿಸಬಹುದು.

ಮಾದರಿ ಕೋಣೆಯಲ್ಲಿ ಧೂಳು ಕಡಿಮೆ ಮಾಡುವುದು ಹೇಗೆ?

ಧೂಳು ಅತಿ ಹೆಚ್ಚು ಏಳುವ ಗಳಿಗೆ ಯಾವುದೆಂದು ಕೇಳಿದರೆ ಪುಡಿ ಮಾಡುವಾಗ ಎನ್ನುತ್ತಾರೆ. ಆದರೆ ಪಲ್ವರೈಸರ್ ಬಟ್ಟಲಿಗೆ ಮುಚ್ಚಳವಿರುತ್ತದೆ. ಒಂದು ಮಾದರಿ ಮುಗಿದ ಮೇಲೆ ಮುಂದಿನದಕ್ಕೆ ಬೆರಕೆಯಾಗದಿರಲೆಂದು ಕಂಪ್ರೆಸರ್ ಗಾಳಿಯಿಂದ ಆ ಬಟ್ಟಲನ್ನು ಊದಿ ಸ್ವಚ್ಛ ಮಾಡುವಾಗಲೇ ಕೋಣೆ ತುಂಬುತ್ತದೆ. ಕೆಲವೆಡೆ ಬಟ್ಟಲು ಉಜ್ಜಲು ಬಿಳಿ ಮರಳನ್ನೂ ಅರೆಯುತ್ತಾರೆ. ಅದು ಶುದ್ಧ ಸಿಲಿಕಾ. ಊದುವುದೇ ಅನಿವಾರ್ಯವಾದರೆ ಗಾಳಿ ಹೀರುವ ಪೆಟ್ಟಿಗೆಯೊಳಗೆ ಮಾತ್ರ ಮಾಡಬೇಕು, ಇಲ್ಲವೇ ಸೂಕ್ಷ್ಮ ಕಣ ತಡೆಯುವ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಬೇಕು. ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೈಮೇಲಿನ ಧೂಳನ್ನು ಗಾಳಿ ಪೈಪಿನಿಂದ ಊದಿಕೊಳ್ಳುವ ಅಭ್ಯಾಸವನ್ನು ಇಂದೇ ಬಿಡಬೇಕು.

ಜಾ ಕ್ರಷರ್‌ನಲ್ಲಿ ಕಲ್ಲು ಸಿಕ್ಕಿಕೊಂಡಾಗ ಯಂತ್ರ ಓಡುತ್ತಿರುವಂತೆಯೇ ಕೈ ಅಥವಾ ಸರಳು ತೂರಿಸಿ ಬೆರಳು ಕಳೆದುಕೊಂಡವರಿದ್ದಾರೆ. ಮೇನ್ ಸ್ವಿಚ್ ತೆಗೆದು ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೈ ಹಾಕಬೇಕು.

ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದೇ?

ಸಾಲದು. ಒದ್ದೆ ಮಾಡಿ ಕಟ್ಟಿದರೂ ಸಣ್ಣ ಕಣ ಒಳಗೆ ನುಸುಳುತ್ತದೆ. ಎನ್95 ಅಥವಾ ಎಫ್‌ಎಫ್‌ಪಿ2 ದರ್ಜೆಯ ಮಾಸ್ಕ್ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಬೆಳೆದಿದ್ದರೆ ಬದಿಯಿಂದ ಗಾಳಿ ಸೋರುತ್ತದೆ. ಈ ಮಾಸ್ಕ್ ಧೂಳಿಗೆ ಮಾತ್ರ, ಆಮ್ಲದ ಹೊಗೆಗೂ ದ್ರಾವಕದ ಆವಿಗೂ ಇದು ತಡೆಯಲ್ಲ.

ಕಬ್ಬಿಣದ ಟೈಟ್ರೇಷನ್ ದಿನವೂ ಮಾಡುತ್ತೇವೆ. ಅದರಲ್ಲಿ ಗಮನಿಸಬೇಕಾದ್ದು ಏನು?

ಟೈಟ್ರೇಷನ್ ಎಂದರೆ ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಪ್ರಮಾಣ ಅಳೆಯುವುದು. ಹಳೆಯ ವಿಧಾನದಲ್ಲಿ ಅದಿರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸ್ಟ್ಯಾನಸ್ ಕ್ಲೋರೈಡ್‌ನಿಂದ ಕಬ್ಬಿಣವನ್ನು ಅಪಕರ್ಷಿಸಿ, ಉಳಿದ ಸ್ಟ್ಯಾನಸ್ ಕ್ಲೋರೈಡ್ ತೊಲಗಿಸಲು ಮರ್ಕ್ಯುರಿಕ್ ಕ್ಲೋರೈಡ್ ಹಾಕಿ, ಕೊನೆಗೆ ಪೊಟ್ಯಾಸಿಯಂ ಡೈಕ್ರೋಮೇಟ್‌ನಿಂದ ಟೈಟ್ರೇಟ್ ಮಾಡುತ್ತಾರೆ. ರೇಷ್ಮೆಯಂತಹ ಬಿಳಿ ಒತ್ತರ, ಅಂದರೆ ದ್ರಾವಣದಿಂದ ಬೇರ್ಪಟ್ಟ ಪುಡಿ ಬಂದರೆ ಸರಿ, ಬೂದು ಬಣ್ಣಕ್ಕೆ ತಿರುಗಿದರೆ ಕೆಟ್ಟಿತು ಎಂದು ನಮಗೆಲ್ಲ ಕಲಿಸಿದ್ದಾರೆ. ಆ ಬಿಳಿಯದೂ ಪಾದರಸದ ಸಂಯುಕ್ತ, ಬೂದಿಗೆ ಕಾರಣವೂ ಬಿಡಿ ಪಾದರಸ, ಎರಡೂ ಕೊನೆಗೆ ಸಿಂಕ್‌ಗೆ ಹೋಗುತ್ತವೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಪಾದರಸದ ಬದಲು ಟೈಟಾನಿಯಂ ಟ್ರೈಕ್ಲೋರೈಡ್ ಬಳಸುವ ಅಂಗೀಕೃತ ವಿಧಾನ ಇದೆ. ಹೊಸದಾಗಿ ಲ್ಯಾಬ್ ತೆರೆಯುವವರು ಹಳೆಯದನ್ನು ಆರಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಡೈಕ್ರೋಮೇಟ್‌ನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದರ ಪುಡಿ ಚರ್ಮದ ಗೀರಿನಲ್ಲಿ ಕೂತರೆ ಮಾಯದ ಹುಣ್ಣಾಗುತ್ತದೆ, ಮೂಗಿನೊಳಗೆ ದೀರ್ಘಕಾಲ ಸೇರಿದರೆ ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತಾಗಬಹುದು. ದ್ರಾವಣ ತಯಾರಿಸಲು ಪುಡಿ ತೂಗುವಾಗಲೇ ಹೆಚ್ಚಿನ ಎಚ್ಚರ ಬೇಕು. ಗಾಜು ತೊಳೆಯಲು ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣ ಇಡುವ ಪದ್ಧತಿಯನ್ನು ನಿಲ್ಲಿಸುವುದೇ ಒಳ್ಳೆಯದು; ಲ್ಯಾಬ್ ಡಿಟರ್ಜೆಂಟ್ ಬಹುತೇಕ ಎಲ್ಲ ಕೆಲಸಕ್ಕೂ ಸಾಕು. ಇನ್ನು ಪಿಪೆಟ್‌ಗೆ ಬಾಯಿ ಹಚ್ಚಿ ಎಳೆಯುವುದು ಇಂದಿಗೂ ಅಲ್ಲಲ್ಲಿ ಉಳಿದಿರುವುದು ನಾಚಿಕೆಯ ವಿಷಯ. ರಬ್ಬರ್ ಬಲ್ಬ್‌ನ ಬೆಲೆ ಅಷ್ಟೇನೂ ಇಲ್ಲ.

ಹೈಡ್ರೋಫ್ಲೂರಿಕ್ ಆಮ್ಲಕ್ಕೆ ಏಕೆ ಅಷ್ಟೊಂದು ಹೆದರಬೇಕು?

ಅದಿರಿನಲ್ಲಿ ಸಿಲಿಕಾ ಎಷ್ಟಿದೆ ಎಂದು ನೋಡಲು ಪ್ಲಾಟಿನಂ ಮೂಸೆಯಲ್ಲಿ ಈ ಆಮ್ಲ ಹಾಕಿ ಆವಿ ಮಾಡುತ್ತೇವೆ. ಗಾಜನ್ನು ತಿನ್ನುವುದರಿಂದ ಇದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡುತ್ತಾರೆ. ನೋಡಲು ನೀರಿನಂತೆಯೇ ಇರುತ್ತದೆ. ಬೇರೆ ಆಮ್ಲಗಳು ಚರ್ಮವನ್ನು ಸುಟ್ಟಾಗ ಕೂಡಲೇ ಉರಿಯುತ್ತದೆ, ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಇದು ತೆಳುವಾಗಿದ್ದಾಗ ಮೊದಲು ನೋವೇ ಆಗದಿರಬಹುದು. ಆಮ್ಲ ಸದ್ದಿಲ್ಲದೆ ಚರ್ಮದ ಒಳಕ್ಕಿಳಿದು, ಗಂಟೆಗಳಾದ ಮೇಲೆ, ಕೆಲವೊಮ್ಮೆ ಮರುದಿನ, ತಡೆಯಲಾರದ ನೋವು ಶುರುವಾಗುತ್ತದೆ. ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಗಟ್ಟಿ ಆಮ್ಲವಾದರೆ ಅಂಗೈಯಷ್ಟು ಜಾಗ ಸುಟ್ಟರೂ ಪ್ರಾಣಕ್ಕೆ ಅಪಾಯ.

ನಾನು ಕೆಲಸ ಕಲಿತ ಲ್ಯಾಬ್ ಒಂದರಲ್ಲಿ ಯಾರೋ ಪ್ಲಾಸ್ಟಿಕ್ ಬೀಕರ್‌ನಲ್ಲಿ ಸ್ವಲ್ಪ ಉಳಿಸಿ ಸಿಂಕ್ ಪಕ್ಕದಲ್ಲಿಟ್ಟಿದ್ದರು. ಪಾತ್ರೆ ತೊಳೆಯುತ್ತಿದ್ದ ಅಕ್ಕ ಅದನ್ನು ನೀರೆಂದು ಕೈಯಿಂದಲೇ ಚೆಲ್ಲಿ ಮನೆಗೆ ಹೋದರು. ರಾತ್ರಿ ಉಗುರಿನ ಸಂದಿನಲ್ಲಿ ನೋವೆದ್ದಾಗ ಅದು ಯಾವುದರಿಂದ ಆಯಿತೆಂದು ಹೇಳಲು ಅವರಿಗೆ ಗೊತ್ತೇ ಇರಲಿಲ್ಲ. ಬೆರಳು ಉಳಿಯಿತು. ಆ ಲ್ಯಾಬ್‌ನಲ್ಲಿ ಅಂದಿನಿಂದ ಈ ಆಮ್ಲದ ಪಾತ್ರೆಗಳನ್ನು ಬಳಸಿದವರೇ ತೊಳೆಯಬೇಕೆಂಬ ನಿಯಮ ಬಂತು. ಇದು ಎಲ್ಲ ಕಡೆಯೂ ಇರಬೇಕಾದ ನಿಯಮ.

ಈ ಆಮ್ಲ ಇರುವ ಕೋಣೆಯಲ್ಲಿ ಶೇಕಡಾ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಅವಧಿ ಮೀರದಂತೆ, ಬೀಗ ಹಾಕದ ಪೆಟ್ಟಿಗೆಯಲ್ಲಿ ಇರಲೇಬೇಕು. ತಗುಲಿದ ಕೂಡಲೇ ಬಟ್ಟೆ, ಉಂಗುರ, ಗಡಿಯಾರ ತೆಗೆದು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಜೆಲ್ ಕೈಯಲ್ಲಿದ್ದರೆ ಐದು ನಿಮಿಷ ತೊಳೆದ ಮೇಲೆ ಅದನ್ನು ಹಚ್ಚಿ ತಿಕ್ಕುತ್ತ, ನೋವಿರಲಿ ಇಲ್ಲದಿರಲಿ ಆಸ್ಪತ್ರೆಗೆ ಹೋಗಬೇಕು. ಜೆಲ್ ಹಚ್ಚುವವರೂ ಕೈಗವಸು ತೊಟ್ಟಿರಬೇಕು. ಜೆಲ್ ಟ್ಯೂಬನ್ನೂ ಆಮ್ಲದ ಹೆಸರು ಬರೆದ ಚೀಟಿಯನ್ನೂ ಜೊತೆಗೆ ಒಯ್ಯಿರಿ. ತೆಳುವಾದ ನೈಟ್ರೈಲ್ ಕೈಗವಸು ಇದಕ್ಕೆ ಸಾಲದು, ದಪ್ಪ ನಿಯೋಪ್ರೀನ್ ಬೇಕು.

ಪರ್ಕ್ಲೋರಿಕ್ ಆಮ್ಲದ ವಿಷಯವೇನು?

ತಣ್ಣಗಿರುವಾಗ ಬೇರೆ ಗಟ್ಟಿ ಆಮ್ಲಗಳಂತೆ ಸುಡುವ ಆಮ್ಲವಷ್ಟೇ, ಕಾಯಿಸಿದಾಗ ಬಲವಾದ ಆಕ್ಸಿಡೀಕಾರಕ. ಬಿಸಿ ಪರ್ಕ್ಲೋರಿಕ್ ಆಮ್ಲಕ್ಕೆ ಎಣ್ಣೆ, ಫಿಲ್ಟರ್ ಕಾಗದ, ಆಲ್ಕೋಹಾಲ್ ಸೇರಿದರೆ ಸ್ಫೋಟವಾಗಬಹುದು. ಸಾವಯವ ಅಂಶವಿರುವ ಮಾದರಿಯನ್ನು ಮೊದಲು ನೈಟ್ರಿಕ್ ಆಮ್ಲದಲ್ಲಿ ಜೀರ್ಣಿಸಬೇಕು. ಇದರ ಹೊಗೆ ಹುಡ್‌ನ ಕೊಳವೆಯೊಳಗೆ ಹರಳಾಗಿ ಕೂತು ವರ್ಷಗಳ ನಂತರ ದುರಸ್ತಿಗೆ ಬಂದವನ ಸುತ್ತಿಗೆಯ ಏಟಿಗೆ ಸಿಡಿಯಬಹುದು. ಆದ್ದರಿಂದ ನೀರಿನಿಂದ ತೊಳೆಯುವ ವ್ಯವಸ್ಥೆ ಇರುವ ಪ್ರತ್ಯೇಕ ಹುಡ್ ಇಲ್ಲದಿದ್ದರೆ ಇದನ್ನು ಬಳಸದಿರುವುದೇ ಲೇಸು.

ಫ್ಯೂಮ್ ಹುಡ್ ಓಡುತ್ತಿದೆ. ಅದು ಸರಿಯಾಗಿ ಎಳೆಯುತ್ತಿದೆ ಎಂದು ತಿಳಿಯುವುದು ಹೇಗೆ? ಕರೆಂಟ್ ಹೋದರೆ?

ಸದ್ದು ಬರುವುದಕ್ಕೂ ಗಾಳಿ ಎಳೆಯುವುದಕ್ಕೂ ಸಂಬಂಧವಿಲ್ಲ. ಬಾಗಿಲ ಬಳಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಇರಬೇಕು. ಅನಿಮೋಮೀಟರ್‌ನಿಂದ ವರ್ಷಕ್ಕೊಮ್ಮೆಯಾದರೂ ಅಳತೆ ಮಾಡಿ ದಿನಾಂಕದೊಂದಿಗೆ ಹುಡ್ ಮೇಲೆಯೇ ಅಂಟಿಸಬೇಕು. ನಡುವೆ ಟಿಶ್ಯೂ ಕಾಗದದ ಪಟ್ಟಿಯನ್ನು ತೂಗಿಬಿಟ್ಟು ಅದು ಒಳಮುಖವಾಗಿ ಬಾಗುತ್ತದೆಯೇ ಎಂದು ಪ್ರತಿದಿನ ನೋಡಬಹುದು. ಹುಡ್ ಎದುರಿಗೇ ಪೆಡೆಸ್ಟಲ್ ಫ್ಯಾನ್ ಇಟ್ಟರೆ ಹೊಗೆ ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಇದು ತೀರ ಸಾಮಾನ್ಯವಾಗಿ ಕಾಣುವ ತಪ್ಪು, ಸೆಕೆ ತಡೆಯಲಾರದೆ ಮಾಡುವುದಾದ್ದರಿಂದ ಬೈಯುವುದಕ್ಕೂ ಮನಸ್ಸು ಬರುವುದಿಲ್ಲ.

ಕರೆಂಟ್ ಹೋದಾಗ ಹಾಟ್ ಪ್ಲೇಟ್‌ನ ಸ್ವಿಚ್ ಆರಿಸಿ, ಹುಡ್‌ನ ಗಾಜು ಪೂರ್ತಿ ಇಳಿಸಿ, ಎಲ್ಲರೂ ಕೋಣೆಯಿಂದ ಹೊರಬರಬೇಕು. ಪ್ಲೇಟ್ ತಣಿಯಲು ಸಮಯ ಬೇಕು, ಅಲ್ಲಿಯವರೆಗೂ ಆಮ್ಲ ಹೊಗೆಯಾಡುತ್ತಲೇ ಇರುತ್ತದೆ. ಜನರೇಟರ್ ಇದ್ದರೆ ಅದರ ಮೊದಲ ಸಂಪರ್ಕ ಹುಡ್‌ನ ಫ್ಯಾನಿಗಿರಬೇಕು, ಮ್ಯಾನೇಜರ್ ಕೋಣೆಯ ಎಸಿಗಲ್ಲ.

ನಮ್ಮ ಕಡೆಯ ಬಿಸಿಲಿಗೆ ಬೇರೆ ಎಚ್ಚರಿಕೆ ಬೇಕೇ?

ಖಂಡಿತ ಬೇಕು. ಪಠ್ಯಪುಸ್ತಕಗಳು ಕೋಣೆಯ ಉಷ್ಣತೆ ಎಂದರೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ಎಂದುಕೊಂಡಿವೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಡೈಈಥೈಲ್ ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಅಂದರೆ ತಗಡಿನ ಶೀಟಿನ ಸ್ಟೋರ್ ರೂಮಿನಲ್ಲಿಟ್ಟ ಈಥರ್ ಬಾಟಲಿ ಮುಚ್ಚಳ ಬಿಗಿದ ಕುದಿಯುವ ಪಾತ್ರೆಯೇ ಸರಿ. ಬೇಗ ಆವಿಯಾಗುವುದರಲ್ಲಿ ಪೆಟ್ರೋಲಿಯಂ ಈಥರ್ ಕೂಡ ಅದರ ಹತ್ತಿರದ ಬಂಧು. ಗಟ್ಟಿ ಅಮೋನಿಯಾ ಬಾಟಲಿಯೊಳಗೆ ಒತ್ತಡ ಕಟ್ಟಿಕೊಂಡು, ಮುಚ್ಚಳ ತಿರುಗಿಸಿದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ಅದನ್ನು ಮಂಜುಗಡ್ಡೆಯ ನೀರಿನಲ್ಲಿ ಸಾಕಷ್ಟು ಹೊತ್ತು ಇಟ್ಟು, ಹುಡ್ ಒಳಗೆ, ಬಾಟಲಿಯ ಬಾಯಿಯನ್ನು ಆಚೆ ತಿರುಗಿಸಿ ತೆರೆಯಬೇಕು. ಹೈಡ್ರೋಜನ್ ಪೆರಾಕ್ಸೈಡ್‌ಗೆ ಗಾಳಿಯಾಡುವ ಮುಚ್ಚಳವೇ ಬೇಕು.

ಹಾಗೆಂದು ದ್ರಾವಕಗಳನ್ನು ಮನೆಯಲ್ಲಿ ಬಳಸುವಂಥ ಫ್ರಿಜ್‌ನಲ್ಲಿಡಬಾರದು. ಅದರ ಥರ್ಮೋಸ್ಟಾಟ್ ಮತ್ತು ದೀಪದ ಕಿಡಿ ಒಳಗಿನ ಆವಿಗೆ ಬೆಂಕಿ ಹೊತ್ತಿಸಬಲ್ಲದು. ಕಿಡಿ ಬಾರದಂತೆ ತಯಾರಿಸಿದ ಫ್ರಿಜ್ ಬೇಕು, ಇಲ್ಲವೇ ಬೇಸಿಗೆಗೆ ಮುಂಚೆ ದಾಸ್ತಾನನ್ನೇ ಕಡಿಮೆ ಮಾಡಬೇಕು. ಕುಲುಮೆ ಕೋಣೆಯ ಕೆಲಸವನ್ನು ಬೆಳಗಿನ ಜಾವಕ್ಕೆ ಸರಿಸುವುದು, ಏಪ್ರನ್ ನೈಲಾನಿನದಾಗಿರದೆ ಹತ್ತಿಯದಾಗಿರುವುದು, ಕುಡಿಯುವ ನೀರು ಮತ್ತು ಮಜ್ಜಿಗೆಗೆ ಲ್ಯಾಬ್ ಹೊರಗೆ ನೆರಳಿನ ಜಾಗ ಇರುವುದು ಇವೆಲ್ಲ ಸೌಕರ್ಯವಲ್ಲ, ಅಗತ್ಯ.

ಕಣ್ಣಿಗೆ ಆಮ್ಲ ಸಿಡಿದರೆ ಏನು ಮಾಡಬೇಕು?

ಹತ್ತು ಸೆಕೆಂಡಿನೊಳಗೆ ತಲುಪುವ ದೂರದಲ್ಲಿ ಕಣ್ಣು ತೊಳೆಯುವ ನಲ್ಲಿ ಇರಬೇಕು. ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು 15 ನಿಮಿಷ ಬಿಡದೆ ತೊಳೆಯಬೇಕು. ಕಣ್ಣು ಮುಚ್ಚಿಕೊಳ್ಳುವುದು ಸಹಜವಾದ್ದರಿಂದ ಪಕ್ಕದಲ್ಲಿ ಇನ್ನೊಬ್ಬರು ನಿಂತು ನೆರವಾಗಬೇಕು. ಆಮೇಲೆ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಇಲ್ಲಿ ನಮ್ಮ ಊರಿನದೇ ಒಂದು ತೊಡಕಿದೆ. ಆ ನಲ್ಲಿಗೆ ನೀರು ಬರುವುದು ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಿಂದ, ಮೇ ತಿಂಗಳ ಮಧ್ಯಾಹ್ನ ಆ ನೀರಿನಲ್ಲಿ ಕೈ ಇಡಲೂ ಆಗುವುದಿಲ್ಲ. ಕಣ್ಣು ತೊಳೆಯುವ ನೀರು 38 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬಾರದು. ನೆರಳಿನಲ್ಲಿ ಪ್ರತ್ಯೇಕ ಸಣ್ಣ ಟ್ಯಾಂಕ್ ಇಟ್ಟು, ಪೈಪನ್ನು ಗೋಡೆಯ ಒಳಗೆ ತಂದು, ವಾರಕ್ಕೊಮ್ಮೆಯಾದರೂ ನಲ್ಲಿ ತೆರೆದು ತುಕ್ಕು ನೀರನ್ನು ಹರಿಯಬಿಡಬೇಕು. ನೀರು ಬಾರದ ದಿನಗಳಲ್ಲಿ ಈ ಟ್ಯಾಂಕ್ ಬರಿದಾಗದಂತೆ ನೋಡಿಕೊಳ್ಳುವ ಹೊಣೆ ಒಬ್ಬರ ಹೆಸರಿಗಿರಬೇಕು.

ಚರ್ಮದ ಮೇಲೆ ಬಿದ್ದರೆ ಸೋಡಾ ಹಾಕಬಹುದೇ?

ಬೇಡ. ನೆಲದ ಮೇಲೆ ಚೆಲ್ಲಿದ ಆಮ್ಲಕ್ಕೆ ಸೋಡಾ ಸರಿ, ಮೈಮೇಲೆ ಬರೀ ನೀರು. ಟೂತ್‌ಪೇಸ್ಟ್, ಅರಿಸಿನ, ಬೆಣ್ಣೆ ಇವು ಯಾವುವೂ ಬೇಡ. 108ಕ್ಕೆ ಕರೆ ಮಾಡುವಾಗ ಯಾವ ರಾಸಾಯನಿಕ ಎಂದು ಹೇಳಿ.

ಚಿನ್ನದ ಅದಿರಿನ ಪರೀಕ್ಷೆಯಲ್ಲಿ ಸೀಸ, ಸಯನೈಡ್ ಎರಡೂ ಇವೆಯಲ್ಲ?

ಫೈರ್ ಅಸ್ಸೆ ಎಂಬ ಈ ಪರೀಕ್ಷೆಯಲ್ಲಿ ಅದಿರಿಗೆ ಲಿಥಾರ್ಜ್, ಅಂದರೆ ಸೀಸದ ಆಕ್ಸೈಡ್ ಬೆರೆಸಿ ಸುಮಾರು 1,000 ಡಿಗ್ರಿಯ ಕುಲುಮೆಯಲ್ಲಿ ಕರಗಿಸುತ್ತಾರೆ. ಆಮೇಲೆ ಕ್ಯುಪೆಲ್ ಎಂಬ ಸಣ್ಣ ಬಟ್ಟಲಿನಲ್ಲಿ ಸೀಸವನ್ನು ಕಳೆಯುತ್ತಾರೆ. ಹೆಚ್ಚಿನ ಸೀಸವನ್ನು ಕ್ಯುಪೆಲ್ ಹೀರುತ್ತದೆ, ಒಂದಷ್ಟು ಹೊಗೆಯಾಗಿ ಏಳುತ್ತದೆ. ಹೊಟ್ಟೆ ಹಿಂಡುವ ನೋವು, ಮಲಬದ್ಧತೆ, ರಕ್ತಹೀನತೆ, ಮಣಿಕಟ್ಟಿನ ನಿಶ್ಶಕ್ತಿ ಕಂಡರೆ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ದರೆ ಅದರ ಧೂಳು ಮಕ್ಕಳ ಮೈ ಸೇರುತ್ತದೆ; ದೊಡ್ಡವರಿಗಿಂತ ಮಕ್ಕಳಿಗೆ ಅದು ಹೆಚ್ಚು ಹಾನಿಕರ. ಬಟ್ಟೆ ಒಗೆಯುವ ವ್ಯವಸ್ಥೆ ಕೆಲಸದ ಜಾಗದಲ್ಲೇ ಇರಬೇಕು.

ಸಯನೈಡ್ ದ್ರಾವಣ ಕ್ಷಾರೀಯವಾಗಿರುವವರೆಗೆ ಹಿಡಿತದಲ್ಲಿರುತ್ತದೆ. ಆಮ್ಲ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಹೊರಡುತ್ತದೆ. ಎರಡರ ಉಳಿಕೆಗೂ ಒಂದೇ ಸಿಂಕ್ ಇರುವ ಲ್ಯಾಬ್‌ನಲ್ಲಿ ಈ ಕೆಲಸ ಮಾಡಲೇಬಾರದು. ವಾಸನೆ ಬಂದರೆ ತಿಳಿಯುತ್ತದೆ ಎಂದು ನಂಬಬೇಡಿ, ಎಷ್ಟೋ ಜನರ ಮೂಗಿಗೆ ಅದು ಹುಟ್ಟಿನಿಂದಲೇ ತಿಳಿಯುವುದಿಲ್ಲ. ಯಾರಾದರೂ ಕುಸಿದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡದೆ ಆಮ್ಲಜನಕ ಕೊಡಬೇಕು.

ಕಲ್ಲಿದ್ದಲಿನ ಬಾಂಬ್ ಕ್ಯಾಲೋರಿಮೀಟರ್ ಮತ್ತು ಎಕ್ಸ್‌ರೇ ಯಂತ್ರಗಳ ಬಗ್ಗೆ?

ಕಲ್ಲಿದ್ದಲನ್ನು ಸುಟ್ಟು ಅದರ ಶಾಖ ಅಳೆಯುವ ಗಟ್ಟಿ ಪಾತ್ರೆಯೇ ಬಾಂಬ್. ಅದರಲ್ಲಿ ವಾತಾವರಣದ ಒತ್ತಡದ ಸುಮಾರು 30 ಪಟ್ಟು ಒತ್ತಡದಲ್ಲಿ ಆಮ್ಲಜನಕ ತುಂಬಿರುತ್ತದೆ. ಆಮ್ಲಜನಕದ ಕೀಲುಗಳಿಗೆ ಎಣ್ಣೆ, ಗ್ರೀಸ್ ತಾಗಿಸಬಾರದು. ಮಾದರಿ ಒಂದು ಗ್ರಾಂ ಮೀರಬಾರದು. ಕಿಡಿ ಕೊಡುವಾಗ ಅದರ ಮೇಲೆ ಬಗ್ಗಿ ನಿಲ್ಲಬಾರದು. ಎಕ್ಸ್‌ರೇ ಬಳಸಿ ಮಾದರಿಯಲ್ಲಿ ಯಾವ ಧಾತು ಎಷ್ಟಿದೆ ಎಂದು ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಬಾಗಿಲು ತೆರೆದರೆ ಕಿರಣ ನಿಲ್ಲಿಸುವ ಇಂಟರ್‌ಲಾಕ್ ತಪ್ಪಿಸದಿದ್ದರೆ ವಿಕಿರಣದ ಭಯ ಅಷ್ಟಿಲ್ಲ. ಅದಕ್ಕಾಗಿ ಮಾದರಿಯನ್ನು ಕರಗಿಸಿ ಗಾಜಿನ ಮಣಿಯಾಗಿ ಎರೆಯುವ ಫರ್ನೇಸ್‌ನಿಂದ ಸುಟ್ಟುಕೊಳ್ಳುವವರೇ ಹೆಚ್ಚು.

ಲ್ಯಾಬ್‌ನಲ್ಲಿ ಚಹಾ ಕುಡಿದರೆ ಏನಾದೀತು?

ಬೀಕರ್‌ನಲ್ಲಿ ಚಹಾ ಕಾಯಿಸುವುದನ್ನೂ, ಬ್ಯಾಲೆನ್ಸ್ ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹರಡಿಕೊಂಡು ಕೂರುವುದನ್ನೂ ನೋಡಿದ್ದೇನೆ. ಸೀಸ, ಕ್ರೋಮಿಯಂ, ಪಾದರಸ ಇವೆಲ್ಲ ಕೈಯಿಂದ ಬಾಯಿಗೆ ಹೋಗುವ ದಾರಿ ಇದೇ. ಗುಟ್ಕಾ, ತಂಬಾಕು ತಿಕ್ಕುವ ಕೈಗೂ ಇದೇ ಮಾತು.

ಗರ್ಭಿಣಿಯಾದ ಕೆಲಸಗಾರ್ತಿ ಏನು ಕೇಳಬಹುದು?

ಸೀಸವೂ ಪಾದರಸವೂ ತಾಯಿಯಿಂದ ಮಗುವಿಗೆ ದಾಟುತ್ತವೆ. ಹಾನಿ ಮೊದಲ ತಿಂಗಳುಗಳಲ್ಲೇ, ಇನ್ನೂ ಯಾರಿಗೂ ಹೇಳದಿರುವ ಹೊತ್ತಿನಲ್ಲೇ ಆಗಬಹುದು. ಆದ್ದರಿಂದ ಅವಳು ಬಾಯಿಬಿಟ್ಟು ಹೇಳುವವರೆಗೆ ಕಾಯದೆ, ಮಗು ಬಯಸುವವರಿಗೆ ಈ ಕೆಲಸಗಳಿಂದ ಬದಲಿ ಸಿಗುತ್ತದೆ, ಸಂಬಳ ಕಡಿತವಾಗುವುದಿಲ್ಲ ಎಂದು ಮಾಲೀಕರು ಮೊದಲೇ ತಿಳಿಸಿರಬೇಕು.

ಉಳಿದ ದ್ರಾವಣವನ್ನು ಎಲ್ಲಿ ಸುರಿಯಬೇಕು?

ಚರಂಡಿಗಂತೂ ಅಲ್ಲ. ನೀರಿನ ಮಾಲಿನ್ಯ ಅಳೆಯುವ ಸಿಒಡಿ ಪರೀಕ್ಷೆಯ ಒಂದೊಂದು ನಳಿಕೆಯಲ್ಲೂ ಪಾದರಸ, ಬೆಳ್ಳಿ, ಕ್ರೋಮಿಯಂ ಮೂರೂ ಇರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥದ್ದನ್ನು ಚೀಟಿ ಹಚ್ಚಿ ಬೇರೆಬೇರೆಯಾಗಿ ಸಂಗ್ರಹಿಸಿ, ಸಾಮಾನ್ಯವಾಗಿ 90 ದಿನದೊಳಗೆ ಅಧಿಕೃತ ವಿಲೇವಾರಿದಾರರಿಗೆ ಕೊಡಬೇಕು. ಆಮ್ಲ, ಸಯನೈಡ್, ದ್ರಾವಕ ಒಂದೇ ಕ್ಯಾನಿನಲ್ಲಿ ಬೆರೆಯಬಾರದು.

ಕಾನೂನು ನಮಗೆ ಏನು ಕೊಡುತ್ತದೆ?

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಅಧ್ಯಾಯ ಸೇರಿತು. ತಾನು ಬಳಸುವ ವಸ್ತುವಿನ ಅಪಾಯ ತಿಳಿಯುವ ಹಕ್ಕು, ತನ್ನ ವೈದ್ಯಕೀಯ ದಾಖಲೆ ನೋಡುವ ಹಕ್ಕು, ಪ್ರಾಣಾಪಾಯ ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕನಿಗೆ ಸಿಕ್ಕಿದ್ದು ಆಗ. ಆ ಕಾಯ್ದೆಯನ್ನೂ 1952ರ ಗಣಿ ಕಾಯ್ದೆಯನ್ನೂ ಒಳಗೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನೇಮಕಾತಿ ಪತ್ರ ಕೊಡುವುದೂ, ನಿಗದಿತ ವರ್ಗದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ತಪಾಸಣೆ ಮಾಡಿಸುವುದೂ ಅದರಂತೆ ಮಾಲೀಕರ ಕರ್ತವ್ಯ. ಸಿಲಿಕೋಸಿಸ್, ಸೀಸದ ವಿಷ, ಪಾದರಸದ ವಿಷ, ಕ್ರೋಮ್ ಹುಣ್ಣು ಇವು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳು.

ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದವರು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯ ಸಂಸ್ಥೆಯಲ್ಲಿದ್ದರೆ, ಕೆಲಸದಿಂದ ಬಂದ ಗಾಯಕ್ಕೂ ರೋಗಕ್ಕೂ ಚಿಕಿತ್ಸೆ ಮತ್ತು ಅಂಗವೈಕಲ್ಯ ಪರಿಹಾರ ಸಿಗುತ್ತದೆ. ಗುತ್ತಿಗೆಯವರಿಗೂ ಇದು ಅನ್ವಯ. ಆದರೆ ಹತ್ತು ವರ್ಷ ಕ್ರಷರ್ ನಡೆಸಿದ್ದಕ್ಕೆ ಕಾಗದವೇ ಇಲ್ಲದಿದ್ದರೆ ಸಿಲಿಕೋಸಿಸ್ ಎಲ್ಲಿಂದ ಬಂತೆಂದು ತೋರಿಸುವುದು ಕಷ್ಟ. ಹಾಜರಿ ಚೀಟಿ, ಗೇಟ್ ಪಾಸ್, ಸಂಬಳದ ರಸೀದಿ ಏನೇ ಇರಲಿ, ಜೋಪಾನವಾಗಿಡಿ.

ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಸುರಕ್ಷಿತವೆಂದು ನಂಬಬಹುದೇ?

ಎನ್‌ಎಬಿಎಲ್ ಎಂಬುದು ಪರೀಕ್ಷಾ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಆ ಮಾನ್ಯತೆ ಹೇಳುವುದು ಫಲಿತಾಂಶ ನಂಬಬಹುದು ಎಂದು. ಕಬ್ಬಿಣ ಶೇಕಡಾ 62 ಎಂದು ಸರಿಯಾಗಿ ಬರೆದ ವರದಿಯ ಹಿಂದೆ ಯಾರ ಶ್ವಾಸಕೋಶ ಹೇಗಿದೆ ಎಂಬುದನ್ನು ಅದು ಅಳೆಯುವುದಿಲ್ಲ.

ವೈದ್ಯಕೀಯ ತಪಾಸಣೆಯಲ್ಲಿ ಏನೇನು ಇರಬೇಕು?

ಬಿಪಿ, ಸಕ್ಕರೆ ನೋಡಿ ಸಹಿ ಹಾಕುವುದು ಸಾಲದು. ಮಾದರಿ ಪುಡಿ ಮಾಡುವವರಿಗೆ ಎದೆಯ ಎಕ್ಸ್‌ರೇ, ಊದಿ ನೋಡುವ ಸ್ಪೈರೋಮೆಟ್ರಿ, ಕಿವಿಯ ಪರೀಕ್ಷೆ. ಫೈರ್ ಅಸ್ಸೆಯವರಿಗೆ ರಕ್ತದ ಸೀಸ. ಪಾದರಸ ಬಳಸುವವರಿಗೆ ಮೂತ್ರ ಪರೀಕ್ಷೆ. ಡೈಕ್ರೋಮೇಟ್ ಬಳಸುವವರಿಗೆ ಮೂಗು ಮತ್ತು ಚರ್ಮದ ತಪಾಸಣೆ ಬೇಕು. ಕೆಲಸಕ್ಕೆ ಸೇರಿದ ದಿನವೇ ಮೊದಲ ಪರೀಕ್ಷೆ ಆಗಿರಬೇಕು, ಇಲ್ಲದಿದ್ದರೆ ಮುಂದಿನದನ್ನು ಹೋಲಿಸಲು ಆಧಾರವೇ ಇರುವುದಿಲ್ಲ. ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ.

ರಾತ್ರಿ ಪಾಳಿಯಲ್ಲಿ ಒಬ್ಬರೇ ಇರಬೇಕಾದಾಗ?

ತೂಕ ಮಾಡುವುದು, ಲೆಕ್ಕ ಬರೆಯುವುದು, ಎಕ್ಸ್‌ಆರ್‌ಎಫ್‌ಗೆ ಮಾದರಿ ಹಾಕುವುದು ನಡೆಯಲಿ. ಹೈಡ್ರೋಫ್ಲೂರಿಕ್, ಪರ್ಕ್ಲೋರಿಕ್, ಸಯನೈಡ್, ಕ್ರಷರ್ ಈ ನಾಲ್ಕನ್ನು ಇನ್ನೊಬ್ಬರು ಬರುವವರೆಗೆ ಮುಟ್ಟಬೇಡಿ. ಲಾರಿ ಕಾಯುತ್ತಿದೆ, ಗೂಡ್ಸ್ ರೈಲಿನ ರೇಕ್ ಹೊರಡಬೇಕು ಎಂದು ಫೋನ್ ಬಂದರೆ, ಮಾದರಿ ಬೆಳಿಗ್ಗೆ ಆರಕ್ಕೆ ಸಿದ್ಧವಾಗುತ್ತದೆ ಎಂದು ಪಾಳಿ ಪುಸ್ತಕದಲ್ಲಿ ಸಮಯ ಹಾಕಿ ಬರೆದಿಡಿ.